ತಾರಿಹಾಳದಲ್ಲಿ ನಾನು ಕಲಿತ ಇಂಗ್ಲಿಷು

ಒಂದು ಇಂಗ್ಲಿಷ್ ಮಾತಿಗೆ ನಾನು ತಪ್ಪು ಅರ್ಥ ಹೇಳಿದೆ. ಅದರಿಂದ ತಾರಿಹಾಳದ ಒಬ್ಬ ಕಾರ್ ಡ್ರೈವರಿಗೆ ಮೂರು ದಿನದ ಬಾಡಿಗೆ ಹೋಯಿತು. ಸಿನಿಮಾದಲ್ಲಾದರೆ ಇಂಥ ತಪ್ಪಿಗೆ ಒಂದು ನಗೆಯ ಸೀನು ಇರುತ್ತದೆ. ಗಾಂಧಿ ಕ್ಲಾಸಿನವರು ಶಿಳ್ಳೆ ಹೊಡೆಯುತ್ತಾರೆ, ಕಥೆ ಮುಂದೆ ಸಾಗುತ್ತದೆ. ಇಲ್ಲಿ ಹಾಗಾಗಲಿಲ್ಲ. ಕಾರಿನ ಸಾಲದ ಕಂತು ಆ ತಿಂಗಳೂ ಅದೇ ತಾರೀಖಿಗೆ ಬಂದು ಬಾಗಿಲು ಬಡಿಯಿತು.

ಆದ್ದರಿಂದ ಓದುಗ ಮಿತ್ರರೇ, ಈ ವಾರ ತಾರೆಯರ ಸುದ್ದಿ ಬೇಡ. ತಾರಿಹಾಳದ ಸುದ್ದಿ ಕೇಳಿ!

ಎಲ್ಲಿದೆ ಈ ತಾರಿಹಾಳ?

ಹುಬ್ಬಳ್ಳಿಯಿಂದ ಗೋಕುಲ ರಸ್ತೆ ಹಿಡಿದು ಹೊರಡಿ. ಗ್ಯಾರೇಜು, ಶೋರೂಮು, ಕಾರ್ಖಾನೆ ದಾಟುತ್ತ ಹೋದರೆ ವಿಮಾನ ನಿಲ್ದಾಣ ಬರುತ್ತದೆ. ಅದರ ನೆರೆಯಲ್ಲೇ ತಾರಿಹಾಳ. ಊರಿನ ಹೆಸರನ್ನೇ ಇಟ್ಟುಕೊಂಡ ಕೈಗಾರಿಕಾ ಪ್ರದೇಶ ಒಂದು ಕಡೆ, ಪುಣೆ-ಬೆಂಗಳೂರು ಹೆದ್ದಾರಿಯ ಬೈಪಾಸು ಇನ್ನೊಂದು ಕಡೆ. ಶೆಡ್ಡುಗಳಲ್ಲಿ ಲೇತು, ಡ್ರಿಲ್ಲು, ವೆಲ್ಡಿಂಗಿನ ಸದ್ದು. ನಡುವೆ ಉಳಿದಷ್ಟು ಹೊಲ. ತಲೆಯ ಮೇಲೆ ಆಗೊಮ್ಮೆ ಈಗೊಮ್ಮೆ ವಿಮಾನ. ದನ ಮೇಯಿಸುವ ಹುಡುಗರೂ ಈಗ ತಲೆ ಎತ್ತಿ ನೋಡುವುದಿಲ್ಲ.

ಈ ವಿಮಾನ ನಿಲ್ದಾಣಕ್ಕೂ ನಮ್ಮ ಸಿನಿಮಾ ಲೋಕಕ್ಕೂ ದೂರದ ನಂಟೊಂದಿದೆ. ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಏರ್ ಡೆಕ್ಕನ್ ಶುರು ಮಾಡಿದಾಗ ಅದರ ಮೊದಮೊದಲ ಮಾರ್ಗಗಳಲ್ಲಿ ಬೆಂಗಳೂರು-ಹುಬ್ಬಳ್ಳಿಯೂ ಒಂದು. ಅವರ ಬದುಕಿನಿಂದ ಎಳೆ ತೆಗೆದುಕೊಂಡು 2020ರಲ್ಲಿ ತಮಿಳಿನಲ್ಲಿ 'ಸೂರರೈ ಪೋಟ್ರು' ಬಂತು, ಸೂರ್ಯ ನಾಯಕ. ಅದೇ ಕಥೆ 2024ರಲ್ಲಿ ಅಕ್ಷಯ್ ಕುಮಾರ್ ಕೈಗೆ ಬಂದು ಹಿಂದಿಯಲ್ಲಿ 'ಸರ್ಫಿರಾ' ಆಯಿತು. ಇತ್ತ ಹುಬ್ಬಳ್ಳಿಯಲ್ಲಿ 2017ರ ಡಿಸೆಂಬರಿನಲ್ಲಿ ಹೊಸ ಟರ್ಮಿನಲ್ ಉದ್ಘಾಟನೆಯಾಯಿತು. ಮರುವರ್ಷ ಉಡಾನ್ ಯೋಜನೆಯ ವಿಮಾನಗಳು ಬಂದವು. ವಿಮಾನ ಹೆಚ್ಚಾದ ಹಾಗೆ ಬಾಡಿಗೆ ಕಾರುಗಳೂ ಹೆಚ್ಚಾದವು. ಕಾರುಗಳ ಹಿಂದೆಯೇ ಇಂಗ್ಲಿಷೂ ಬಂತು.

ರೈಲಿನ ಟಿಕೆಟ್ಟಿನಲ್ಲಿ ಹುಬ್ಬಳ್ಳಿಗೆ 'ಯುಬಿಎಲ್' ಅನ್ನುತ್ತಾರೆ, ವಿಮಾನದ ಟಿಕೆಟ್ಟಿನಲ್ಲಿ 'ಎಚ್‌ಬಿಎಕ್ಸ್'. 2014ರ ನವೆಂಬರ್ 1ರಂದು 'ಹುಬ್ಳಿ' ಹೋಗಿ ಇಂಗ್ಲಿಷಿನಲ್ಲೂ 'ಹುಬ್ಬಳ್ಳಿ' ಆಯಿತು. ಈ ಅಕ್ಷರಗಳು ಮಾತ್ರ ಬದಲಾಗಲಿಲ್ಲ. ನಮ್ಮೂರಿಗೇ ಹೀಗೆ ಎರಡು ಇಂಗ್ಲಿಷ್ ಅಡ್ಡಹೆಸರು! ಇನ್ನು ಪ್ರವಾಸದ ಇಂಗ್ಲಿಷ್ ಎಷ್ಟು ವೇಷ ಹಾಕೀತು, ಹೇಳಿ?

ಶನಿವಾರವೋ, ಸೋಮವಾರವೋ?

ನಾನು ಹೇಳುತ್ತಿರುವ ಡ್ರೈವರ್ ಐವತ್ತು ದಾಟಿದವರು. ಊರಲ್ಲಿ ಎಲ್ಲರಿಗೂ ಕಾಕಾ, ನನಗೂ ಕಾಕಾ. ಮೊದಲು ಒಂದು ಶೆಡ್ಡಿನ ಟೆಂಪೋ ಹೊಡೆಯುತ್ತಿದ್ದರು. ವಿಮಾನ ಬರತೊಡಗಿದ ಮೇಲೆ ಸಾಲ ಮಾಡಿ ಸೆಕೆಂಡ್ ಹ್ಯಾಂಡ್ ಕಾರು ತಗೊಂಡರು. ದಾಂಡೇಲಿ, ಗೋವಾ, ಬಾದಾಮಿ, ಹಂಪಿ, ಎಲ್ಲಿಗೆ ಅಂದರೂ ಸೈ. ಗಾಡಿ ಓಡಿಸೋದರಲ್ಲಿ ಎತ್ತಿದ ಕೈ. ಫೋನಿನಲ್ಲಿ ಇಂಗ್ಲಿಷ್ ಬಂತೆಂದರೆ ಮಾತ್ರ ಅದೇ ಕೈ ನಡುಗುತ್ತದೆ.

ಒಂದು ಗುರುವಾರ ಸಂಜೆ ಚಹಾದಂಗಡಿಯಲ್ಲಿ ಕೂತಿದ್ದೆವು. ಕಾಕಾ ಮೊಬೈಲ್ ನನ್ನ ಮುಂದೆ ಹಿಡಿದರು. ಭಾನುವಾರದ ವಿಮಾನಕ್ಕೆ ಬಂದು ದಾಂಡೇಲಿಗೆ ಹೋಗಬೇಕಿದ್ದ ಪ್ರಯಾಣಿಕರ ಮೆಸೇಜು. 'ಟ್ರಿಪ್ ಬ್ರಾಟ್ ಫಾರ್ವರ್ಡ್ ಬೈ ಎ ಡೇ' ಅಂತಿತ್ತು.

"ಏನಂತಾರ ನೋಡೋ ತಮ್ಮಾ. ನೀ ಪೇಪರಿಗೆ ಬರಿಯಾಂವ."

ನಾನು ಗಿರ್ಮಿಟ್ ಅಗಿಯುತ್ತಲೇ ಹೇಳಿಬಿಟ್ಟೆ. "ಫಾರ್ವರ್ಡ್ ಅಂದ್ರ ಮುಂದ ರೀ ಕಾಕಾ. ಒಂದು ದಿನ ಮುಂದ ಹೋಗೇದ. ಭಾನುವಾರ ಅಲ್ಲ, ಸೋಮವಾರ ಬರ್ತಾರ."

"ಓದಿದವರು ಹೇಳಿದ ಮ್ಯಾಲ ಆತು ಬಿಡು" ಅಂದರು ಕಾಕಾ. ನನ್ನ ಚಹಾದ ದುಡ್ಡನ್ನೂ ತಾವೇ ಕೊಟ್ಟರು.

ಪ್ರಯಾಣಿಕರು ಬಂದದ್ದು ಶನಿವಾರ! ಕಾಕಾ ಆ ಹೊತ್ತಿಗೆ ಹಿಟ್ಟಿನ ಗಿರಣಿಯಲ್ಲಿದ್ದರು, ಮೊಬೈಲು ಮನೆಯಲ್ಲಿ ಚಾರ್ಜಿಗಿತ್ತು. ಮನೆಗೆ ಬಂದು ನೋಡಿದರೆ ನಾಲ್ಕು ಮಿಸ್ಡ್ ಕಾಲು. ವಾಪಸು ಫೋನ್ ಮಾಡುವಷ್ಟರಲ್ಲಿ ಅವರು ಬೇರೆ ಕಾರಿನಲ್ಲಿ ಧಾರವಾಡ ದಾಟಿದ್ದರು.

ನಮ್ಮ ಕನ್ನಡದಲ್ಲಿ ಕಾರ್ಯಕ್ರಮ 'ಮುಂದಕ್ಕೆ ಹೋಯಿತು' ಅಂದರೆ ತಡವಾಯಿತು ಎಂದೇ ಅರ್ಥ. ಮುಂದಿನ ವಾರ, ಮುಂದಿನ ವರ್ಷ, ಎಲ್ಲ ಇನ್ನೂ ಬರಬೇಕಾದದ್ದು. ಇಂಗ್ಲಿಷಿನ 'ಬ್ರಿಂಗ್ ಫಾರ್ವರ್ಡ್' ಇದರ ತದ್ವಿರುದ್ಧ. ದೂರದಲ್ಲಿದ್ದ ದಿನವನ್ನು ನಮ್ಮ ಹತ್ತಿರಕ್ಕೆ ಎಳೆದು ತರೋದು, ಅಂದರೆ ಗೊತ್ತಾದ ದಿನಕ್ಕಿಂತ ಮೊದಲೇ ಮಾಡೋದು. ಇನ್ನೂ ಮಜಾ ಕೇಳಿ. ಅದೇ ಇಂಗ್ಲಿಷಿನಲ್ಲಿ 'ಪುಟ್ ಬ್ಯಾಕ್' ಅಂದರೆ ತಡ ಮಾಡೋದು. ಪದಕ್ಕೆ ಪದ ಕನ್ನಡ ಮಾಡಿದಿರೋ, ಎರಡರಲ್ಲೂ ಮೋಸ ಹೋದಿರಿ. 'ಪ್ರಿಪೋನ್' ಅಂತ ನಮ್ಮ ದೇಶದವರೇ ಚಾಲ್ತಿಗೆ ತಂದ ಮಾತೊಂದಿದೆ. 'ಪೋಸ್ಟ್‌ಪೋನ್'ಗೆ ಎದುರಾಗಿ ಹುಟ್ಟಿದ್ದು. ಅದು ಇಂಗ್ಲಿಷೇ ಅಲ್ಲ ಅಂತ ನಕ್ಕವರುಂಟು, ಆದರೆ ಅದೀಗ ಆಕ್ಸ್‌ಫರ್ಡ್ ನಿಘಂಟಿನೊಳಗೇ ಕೂತಿದೆ. ಆ ಪ್ರಯಾಣಿಕರು 'ಪ್ರಿಪೋನ್' ಅಂತ ಬರೆದಿದ್ದರೆ ನನಗೂ ತಿಳಿಯುತ್ತಿತ್ತು, ಕಾಕಾನ ಬಾಡಿಗೆಯೂ ಉಳಿಯುತ್ತಿತ್ತು.

ನನ್ನ ಇಂಗ್ಲಿಷಿನ ಕಥೆ

ಇಲ್ಲೊಂದು ಮಾತು ಒಪ್ಪಿಕೊಳ್ಳಬೇಕು. ನಾನು ಪಿಯುಸಿ ಅರ್ಧಕ್ಕೇ ಬಿಟ್ಟವನು. ಬಿಟ್ಟದ್ದಕ್ಕೆ ಮನೆಯ ಕಾರಣ ಅದು ಇದು ಅಂತ ಹತ್ತು ಹೇಳುತ್ತೇನೆ. ಹನ್ನೊಂದನೆಯದು ಇಂಗ್ಲಿಷು. ವ್ಯಾಕರಣದ ಪುಸ್ತಕದಲ್ಲಿ ಇಂಥ ಜೋಡಿಪದಗಳ ದೊಡ್ಡ ಪಟ್ಟಿಯೇ ಇತ್ತು. ಬಾಯಿಪಾಠ ಮಾಡುತ್ತಿದ್ದೆ, ಪರೀಕ್ಷೆಯ ಹಾಲಿನ ಬಾಗಿಲಲ್ಲೇ ಮರೆಯುತ್ತಿದ್ದೆ.

ಆಮೇಲೆ ಹತ್ತು ವರ್ಷ ಪತ್ರಿಕೆಗಳಿಗೆ ಬರೆಯುತ್ತ, ಬೆಂಗಳೂರಿಗೆ ಹೋಗಿ ಬರುತ್ತ, ಸಿನಿಮಾದವರ ಬಾಯಲ್ಲಿ ಬರುವ ಇಂಗ್ಲಿಷನ್ನೇ ನನ್ನದೆಂದುಕೊಂಡೆ. 'ಹೀರೋ ಔಟ್‌ಡೋರ್ ಹೋಗಿದಾರೆ', 'ಎರಡನೇ ಶೆಡ್ಯೂಲ್ ಮಡಿಕೇರಿ', 'ಪ್ಯಾಕಪ್'! ಯೂನಿಟ್ಟಿನಲ್ಲಿ 'ಪ್ಯಾಕಪ್' ಅಂದರೆ ದಿನದ ಕೆಲಸ ಮುಗಿಯಿತು ಅಂತ. ಪ್ರವಾಸಿಗೆ 'ಪ್ಯಾಕಪ್' ಅಂದರೆ ಬಟ್ಟೆಬರೆ ಕಟ್ಟಿಕೊಳ್ಳೋದು, ಪ್ರಯಾಣವೇ ಇನ್ನು ಶುರು. ನಮಗೆ ಮುಗಿದದ್ದು ಅವರಿಗೆ ಶುರು.

ಗೊತ್ತಿಲ್ಲ ಅನ್ನುವುದಕ್ಕೆ ನನಗೆ ನಾಚಿಕೆಯಾಗಿತ್ತು. ಆ ಗುರುವಾರ 'ತಡೀರಿ ಕಾಕಾ, ನಾ ಯಾರನ್ನಾರ ಕೇಳಿ ಹೇಳ್ತೀನಿ' ಅಂದಿದ್ದರೆ ನನ್ನ ಗಂಟೇನು ಹೋಗುತ್ತಿತ್ತು?

ಡಾ. ರಾಜ್ ನೆನಪಾದರು. ಶಾಲೆಯನ್ನು ಬಾಲ್ಯದಲ್ಲೇ ಬಿಟ್ಟವರು ಅವರು. 1978ರ 'ಆಪರೇಷನ್ ಡೈಮಂಡ್ ರಾಕೆಟ್' ಚಿತ್ರದಲ್ಲಿ ಜಿ.ಕೆ. ವೆಂಕಟೇಶ್ ಸಂಗೀತಕ್ಕೆ ಇಡೀ ಹಾಡನ್ನು ಇಂಗ್ಲಿಷಿನಲ್ಲೇ ಹಾಡಿಬಿಟ್ಟರು! ತಮಾಷೆ ಏನೆಂದರೆ, ಬರುವ ದಿನ ಯಾವುದೆಂಬ ತಕರಾರೇ ಆ ಹಾಡಿನ ವಿಷಯ. ನನ್ನ ಕಾಕಾನ ತಕರಾರೂ ಅದೇ ತಾನೆ?

ಮುಂದಿನ ಭಾನುವಾರ ಧೈರ್ಯ ಮಾಡಿ ತಾರಿಹಾಳಕ್ಕೆ ಹೋದೆ. ಬೈಗುಳ ತಿನ್ನಲು ಸಿದ್ಧನಾಗಿಯೇ ಹೋಗಿದ್ದೆ. ಕಾಕಾ ಕಾರು ಒರೆಸುತ್ತಿದ್ದರು.

"ಬಾ, ಕುಂದ್ರು. ನನಗ ತಿಳೀಲಿಲ್ಲ, ನಿನಗೂ ತಿಳೀಲಿಲ್ಲ. ಇಬ್ರೂ ಕಲಿಯೂಣು" ಅಂದರು. ಅಷ್ಟೇ. ಡೀಸೆಲ್ ಲೆಕ್ಕ ಬರೆಯುವ ನೋಟುಬುಕ್ಕನ್ನು ಹಿಂದುಮುಂದು ತಿರುಗಿಸಿ, ಕೊನೇ ಪುಟದಿಂದ ಶುರು ಮಾಡಿದೆವು. ಎಡಕ್ಕೆ ಕನ್ನಡ ಅಕ್ಷರದಲ್ಲಿ ಇಂಗ್ಲಿಷ್ ಮಾತು, ಬಲಕ್ಕೆ ಹುಬ್ಬಳ್ಳಿ ಅರ್ಥ. ಈ ಸಲ ನಾನು ನಿಘಂಟು ಒಯ್ದಿದ್ದೆ.

ಎಷ್ಟು 'ಆಫ್' ಮಾರಾಯಾ!

ಮೊದಲ ಪುಟ ತುಂಬಿದ್ದು ಬರೀ 'ಆಫ್'ಗಳಿಂದ. ಶೆಡ್ಡುಗಳ ಊರಿನಲ್ಲಿ 'ಆಫ್' ಅಂದರೆ ಎರಡೇ: ಒಂದು ಮಶೀನು ಆಫ್, ಇನ್ನೊಂದು ವಾರದ ಆಫ್. ಪ್ರವಾಸದಲ್ಲಿ ಅದಕ್ಕೆ ದೊಡ್ಡ ಸಂಸಾರ.

ವಿಮಾನ ನೆಲ ಬಿಟ್ಟು ಏಳೋದು 'ಟೇಕ್ ಆಫ್'. ನಾವು ಮನೆಯಿಂದ ಹೊರಡೋದು 'ಸೆಟ್ ಆಫ್'. ಹೋಗುವವರನ್ನು ನಿಲ್ದಾಣದ ತನಕ ಹೋಗಿ ಬೀಳ್ಕೊಡೋದು 'ಸೀ ಆಫ್'. ಪ್ರಯಾಣಿಕರನ್ನು ದಾರಿಯಲ್ಲಿ ಇಳಿಸೋದು 'ಡ್ರಾಪ್ ಆಫ್'. ಪ್ರವಾಸ ಮುಂದೂಡೋದು 'ಪುಟ್ ಆಫ್'. ಪ್ರವಾಸವನ್ನೇ ರದ್ದು ಮಾಡೋದು 'ಕಾಲ್ ಆಫ್'. ಜನ ಬಾರದ ಕಾಲ 'ಆಫ್ ಸೀಸನ್', ದಾಂಡೇಲಿ ಗೋವಾಗಳಲ್ಲಿ ಮಳೆಗಾಲ ಇದ್ದ ಹಾಗೆ.

ಕಾಕಾ 'ಕಾಲ್ ಆಫ್' ಕೆಳಗೆ ಎರಡು ಗೆರೆ ಎಳೆದರು. "ಇದು ಬಾಳ ಡೇಂಜರ್ ನೋಡು ತಮ್ಮಾ. ಕಾಲ್ ಅಂದ್ರ ಫೋನು, ಆಫ್ ಅಂದ್ರ ಬಂದ್. ಫೋನ್ ಬಂದ್ ಮಾಡ್ಯಾರ ಅಂತ ತಿಳಕೊಂಡು ನಾ ಗಾಡಿ ತಗೊಂಡು ಹೋಗೇ ಬಿಡ್ತಿದ್ದೆ."

ಇನ್ನೊಂದು ಪುಟದಲ್ಲಿ 'ಹಿಟ್ ದ ರೋಡ್'. ಹೊರಡೋಣ ನಡೀರಿ ಅಂತ ಅದರ ಅರ್ಥ. ಕಾಕಾ ಬೆಚ್ಚಿಬಿದ್ದರು. "ಹಿಟ್ ಅಂದ್ರ ನಮಗ ಪೊಲೀಸ್ ಕೇಸು!" "ನಮ್ಮ ಪತ್ರಿಕೆಯವರಿಗೆ ನೂರು ದಿನದ ಪಿಕ್ಚರು" ಅಂದೆ. ಒಂದೇ ಪದ, ಡ್ರೈವರಿಗೆ ಜೈಲು, ನಿರ್ಮಾಪಕನಿಗೆ ಹಬ್ಬ, ಪ್ರವಾಸಿಗೆ ದಾರಿ.

'ಲೇಓವರ್' ಅಂದರೆ ಒಂದು ವಿಮಾನ ಇಳಿದು ಮುಂದಿನ ವಿಮಾನಕ್ಕೆ ಕಾಯುವ ಹೊತ್ತು. 'ರೆಡ್ ಐ' ಅಂದರೆ ರಾತ್ರಿಯಿಡೀ ಹಾರುವ ವಿಮಾನ. ಇಳಿದವರ ಕಣ್ಣು ಕೆಂಪಗಿರುತ್ತವಲ್ಲ, ಅದಕ್ಕೆ ಆ ಹೆಸರು. 'ಜೆಟ್ ಲ್ಯಾಗ್'ಗೆ ಕಾಕಾ ತಾವೇ ಅರ್ಥ ಬರೆದರು: 'ಮೈ ಇಲ್ಲಿ ಬಂದದ, ನಿದ್ದಿ ಅಮೆರಿಕಾದಾಗ ಉಳದದ'. ನನ್ನ ನಿಘಂಟಿನ ಅರ್ಥಕ್ಕಿಂತ ಇದೇ ಚೆನ್ನಾಗಿತ್ತು.

'ಔಟ್ ಆಫ್ ಸ್ಟೇಷನ್' ಬಂದಾಗ ಕಾಕಾ ಎದೆ ಸೆಟೆಸಿ ಕೂತರು. ಅದು ಅವರಿಗೆ ಮೊದಲೇ ಗೊತ್ತು. 'ಸಾಹೇಬ್ರು ಔಟ್ ಆಫ್ ಸ್ಟೇಷನ್' ಅಂದರೆ ಊರಲ್ಲಿಲ್ಲ ಅಂತ. ಬ್ರಿಟಿಷರ ಕಾಲದಲ್ಲಿ ಅಧಿಕಾರಿಗಳೂ ದಂಡೂ ಇರುವ ಠಾಣ್ಯಕ್ಕೆ 'ಸ್ಟೇಷನ್' ಅನ್ನುತ್ತಿದ್ದರು. ಆ ಅಧಿಕಾರಿಗಳು ಹೋದರೂ ಮಾತು ನಮ್ಮಲ್ಲಿ ಉಳಿದುಬಿಟ್ಟಿತು. ಇವತ್ತು ಲಂಡನ್ನಿನ ಆಫೀಸಿನಲ್ಲಿ ಹೀಗಂದರೆ ರೈಲ್ವೆ ಸ್ಟೇಷನ್ನಿನ ಹೊರಗೆ ನಿಂತಿದ್ದಾರೇನೋ ಅಂದುಕೊಳ್ಳುತ್ತಾರೆ.

ಸೂಟಿ ಬೇರೆ, ರಜಾ ಬೇರೆ

ಮಧ್ಯಾಹ್ನದ ಹೊತ್ತಿಗೆ ಶೆಡ್ಡಿನ ಹುಡುಗರು ಮೂರು ನಾಲ್ಕು ಮಂದಿ ಬಂದು ಸುತ್ತ ಕೂತರು. ಒಬ್ಬ ಕೇಳಿದ: "ಹಾಲಿಡೇ, ಲೀವು, ವೆಕೇಶನ್ನು ಮೂರೂ ಒಂದ ಏನ್ರೀ?"

ಒಳ್ಳೇ ಪ್ರಶ್ನೆ. ನಮ್ಮ ಕಡೆ ಶಾಲೆಯ ಮಕ್ಕಳಿಗೆ ಬೇಸಿಗೆಯಲ್ಲಿ 'ಸೂಟಿ', ನೌಕರಿಯವರಿಗೆ 'ರಜಾ'. ಹಾಗೇ ಅಲ್ಲಿಯೂ. 'ಹಾಲಿಡೇ' ಅಂದರೆ ಮೂಲದಲ್ಲಿ 'ಹೋಲಿ ಡೇ', ಪವಿತ್ರ ದಿನ, ಹಬ್ಬದ ದಿನ. ನಮ್ಮಲ್ಲಿ ಶಿವರಾತ್ರಿಗೆ ಸಿದ್ಧಾರೂಢ ಮಠದ ಜಾತ್ರೆಗೆ ಹೋಗಲು ಕೆಲಸ ಬಿಡುತ್ತಾರಲ್ಲ, ಹಾಗೆ. 'ಲೀವ್' ಅಂದರೆ ಅಪ್ಪಣೆ. ಕೇಳಿ ಪಡೆಯಬೇಕು. 'ವೆಕೇಶನ್' ಲ್ಯಾಟಿನಿನಿಂದ ಬಂದದ್ದು, ಖಾಲಿ ಇರೋದು ಅಂತ ಮೂಲದ ಅರ್ಥ. ಖಾಲಿ ಮನೆಗೆ 'ವೇಕೆಂಟ್' ಅನ್ನುವುದೂ ಅದೇ ಬೇರಿನಿಂದ.

ನಮ್ಮ ದೇಶದ 1948ರ ಕಾರ್ಖಾನೆ ಕಾಯ್ದೆಯಲ್ಲಿಯೂ ಈ ಎರಡು ಬೇರೆ ಬೇರೆ. ವಾರಕ್ಕೊಂದು ದಿನ 'ಹಾಲಿಡೇ' ಅಂತ ಅದರಲ್ಲಿ ಬರೆದಿದ್ದರು. ವರ್ಷದಲ್ಲಿ 240 ದಿನ ದುಡಿದವನಿಗೆ, ದುಡಿದ 20 ದಿನಕ್ಕೆ ಒಂದರಂತೆ ಸಂಬಳ ಸಹಿತ 'ಲೀವು' ಅಂತಲೂ ಬರೆದಿದ್ದರು. ಹುಡುಗ ಬೆರಳು ಮಡಚಿ ಲೆಕ್ಕ ಹಾಕಿದ. "ಅಂದ್ರ 12 ದಿನ. ಅಕ್ಕನ ಮದುವಿಗೆ 4, ಅವ್ವನ ಆಸ್ಪತ್ರಿಗೆ 6, ನಾಟಿಗೆ 2. ಮುಗೀತಲ್ರೀ. ಟ್ರಿಪ್ಪಿಗೆ ಎಲ್ಲಿ ಉಳೀತು?" ಎಲ್ಲರೂ ನಕ್ಕರು. ನಾನೂ ನಕ್ಕೆ, ಆದರೆ ನಗು ಪೂರ್ತಿ ಬರಲಿಲ್ಲ.

'ಟ್ರಾವೆಲ್' ಅನ್ನೋ ಪದದ ಹಿಂದೆಯೂ ಕೆಲಸವೇ ಇದೆ. ಫ್ರೆಂಚಿನ 'ತ್ರವಾಯ್' ಅದರ ತಾಯಿ, ಅಂದರೆ ದುಡಿಮೆ, ಕಷ್ಟ. ಆ ಕಾಲದಲ್ಲಿ ಊರಿಂದೂರಿಗೆ ಹೋಗೋದೇ ಕಷ್ಟದ ಕೆಲಸವಾಗಿತ್ತು. 'ಜರ್ನಿ'ಯೂ ಫ್ರೆಂಚಿನಿಂದಲೇ ಬಂದದ್ದು, ಒಂದು ದಿನದ ನಡಿಗೆ ಅಥವಾ ಒಂದು ದಿನದ ಕೆಲಸ ಅಂತ. ಮೋಜಿಗೆಂದೇ ಹೋಗೋದು, ಅದೂ ಗುಂಪಾಗಿ ಕಡಿಮೆ ಖರ್ಚಿನಲ್ಲಿ ಹೋಗೋದು, ಆಮೇಲೆ ಬಂದದ್ದು. ಇಂಗ್ಲೆಂಡಿನ ಥಾಮಸ್ ಕುಕ್ 1841ರ ಜುಲೈ 5ರಂದು ಲೆಸ್ಟರಿನಿಂದ ಲಫ್‌ಬರೋ ಊರಿಗೆ ಸುಮಾರು 500 ಮಂದಿಯನ್ನು ರೈಲಿನಲ್ಲಿ ಕರೆದೊಯ್ದ. ತಲೆಗೆ ಒಂದು ಶಿಲಿಂಗ್. ಪ್ಯಾಕೇಜ್ ಟೂರಿನ ಕಥೆ ಹೇಳುವವರು ಅಲ್ಲಿಂದಲೇ ಶುರು ಮಾಡುತ್ತಾರೆ. ಹೋದದ್ದು ಎಲ್ಲಿಗೆ ಗೊತ್ತೇ? ಕುಡಿತ ಬಿಡಿಸುವ ಚಳವಳಿಯ ಸಭೆಗೆ!

ಕಾಕಾ ಬಿದ್ದು ಬಿದ್ದು ನಕ್ಕರು. "ಈಗ ಪ್ಯಾಕೇಜ್ ತಗೊಂಡು ಗೋವಾಕ್ಕ ಯಾತಕ್ಕ ಹೋಗ್ತಾರ, ನನ್ನ ಕೇಳು!"

ಕಾಕು ಕಲಿಸಿದ ಪಾಠ

ಕೊನೆಗೆ ನಾನು ಬರೆಸಿದ ಮಾತು 'ಬಸ್‌ಮನ್ಸ್ ಹಾಲಿಡೇ'. ಬಸ್ ಡ್ರೈವರನೊಬ್ಬ ರಜಾ ಸಿಕ್ಕ ದಿನವೂ ಬಸ್ಸಿನಲ್ಲೇ ಸುತ್ತಾಡುತ್ತಾನೆ. ಅಂದರೆ ದಿನಾ ಮಾಡುವ ಕೆಲಸವನ್ನೇ ರಜೆಯಲ್ಲೂ ಮಾಡೋದು. ಅಡುಗೆಯವ ರಜಾ ಹಾಕಿ ಬೀಗರ ಮನೆಗೆ ಹೋಗಿ ಅಲ್ಲೂ ಒಲೆ ಮುಂದೆ ನಿಂತ ಹಾಗೆ.

ಕಾಕಾ ಪೆನ್ನು ಕೆಳಗಿಟ್ಟರು. ಒಳಗಿನಿಂದ ಕಾಕು ಬಂದು ಬಾಗಿಲಲ್ಲಿ ನಿಂತಿದ್ದರು. ಅಷ್ಟು ಹೊತ್ತಿನಿಂದ ಎಲ್ಲ ಕೇಳಿಸಿಕೊಂಡಿದ್ದಾರೆ ಅನ್ನೋದು ನಮಗೆ ಆಗಲೇ ತಿಳಿದದ್ದು.

"ಗೋವಾಕ್ಕ ಎಷ್ಟು ಮಂದಿನ್ನ ಒಯ್ದೀರಿ ನೀವು?" ಅಂತ ಗಂಡನನ್ನು ಕೇಳಿದರು.

"ಲೆಕ್ಕ ಇಟ್ಟಿಲ್ಲ."

"ನಾ ಸಮುದ್ರ ನೋಡೇ ಇಲ್ಲ."

ಹುಡುಗರು ಸುಮ್ಮನಾದರು. ನನಗೂ ಏನು ಹೇಳಬೇಕೋ ತೋಚಲಿಲ್ಲ. ಕಾಕಾ ಸ್ವಲ್ಪ ಹೊತ್ತು ಬಿಟ್ಟು, "ಆತು, ಬರೂ ವಾರ ಕಾರವಾರಕ್ಕ ಹೋಗೂಣು. ನಮ್ಮ ಗಾಡಿ ಅದಲ್ಲ" ಅಂದರು.

ಕಾಕು ತಲೆ ಅಲ್ಲಾಡಿಸಿದರು. "ನೀವು ಸ್ಟೇರಿಂಗ್ ಹಿಡದ್ರ ಅದು ನಿಮ್ಮ ಡ್ಯೂಟಿ ಆಗ್ತದ. ಘಟ್ಟದಾಗ ರಸ್ತೆ ನೋಡ್ತೀರಿ, ನನ್ನ ಮಾರಿ ನೋಡಂಗಿಲ್ಲ. ಬಸ್ಸಿನ್ಯಾಗ ಹೋಗೂಣು. ಬಾಜೂಕ ಕುಂದರ್ರಿ."

ಇಂಗ್ಲಿಷಿನವರು ಎರಡು ಪದದಲ್ಲಿ ಹೇಳಿದ ಕಷ್ಟಕ್ಕೆ ಕಾಕು ನಿಂತ ಕಾಲಲ್ಲೇ ಪರಿಹಾರ ಹೇಳಿದ್ದರು. ಕಾಕಾ ಆ ಸಾಲಿನ ಬಲಗಡೆ ಏನೂ ಬರೆಯಲಿಲ್ಲ. ಅದು ಇವತ್ತಿಗೂ ಖಾಲಿ ಇದೆ.

ಇಂಗ್ಲಿಷಿನಲ್ಲಿ 'ಟ್ರಾವೆಲ್ ಲೈಟ್' ಅಂತಾರೆ, ಹಗುರಾಗಿ ಹೋಗೋದು. ಇದನ್ನು ಮಾತ್ರ ನಾನು ಕಾಕು ಮುಂದೆ ಎತ್ತಲಿಲ್ಲ. ಎರಡು ದಿನದ ಕಾರವಾರಕ್ಕೆ ಅವರು ಕಟ್ಟಿದ ಬುತ್ತಿ ನೋಡಬೇಕಿತ್ತು: ಕಟಕ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಒಂದು ಡಬ್ಬಿ ಮಾದಲಿ. ಎಲ್ಲಮ್ಮನ ಗುಡ್ಡಕ್ಕೆ ಚಕ್ಕಡಿ ಕಟ್ಟಿಕೊಂಡು ಹೋಗುತ್ತಿದ್ದ ಮನೆತನ. ಬುತ್ತಿ ಹಗುರಾದರೆ ಪ್ರಯಾಣವೇ ಅಲ್ಲ.

ಬಸ್‌ಸ್ಟ್ಯಾಂಡಿನಲ್ಲಿ

ಹೊರಡುವ ದಿನ ಬೆಳಿಗ್ಗೆ ನಾನು ಹುಬ್ಬಳ್ಳಿ ಬಸ್‌ಸ್ಟ್ಯಾಂಡಿಗೆ ಹೋದೆ. ನೋಟುಬುಕ್ಕಿನ ಮಾತಲ್ಲಿ ಹೇಳಬೇಕೆಂದರೆ 'ಸೀ ಆಫ್' ಮಾಡಲು. ಈ ನಮ್ಮ ವಾಯವ್ಯ ಸಾರಿಗೆ ಸಂಸ್ಥೆ 1997ರಲ್ಲಿ ಬೇರೆಯಾಯಿತು, ಹುಬ್ಬಳ್ಳಿಯೇ ಅದರ ಕೇಂದ್ರ. ಕಲಘಟಗಿ, ಯಲ್ಲಾಪುರ, ಅರಬೈಲ ಘಟ್ಟ, ಅಂಕೋಲಾ, ಆಮೇಲೆ ಕಾರವಾರ. ಅಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣನ ಮನೆಗೆ 1880ರ ದಶಕದಲ್ಲಿ ತರುಣ ರವೀಂದ್ರನಾಥ ಟಾಗೋರರು ಬಂದಿದ್ದರು. ಆ ಕಡಲತೀರಕ್ಕೆ ಈಗ ಅವರದೇ ಹೆಸರು. ಅದೇ ತೀರಕ್ಕೆ ಈಗ ನಮ್ಮ ಕಾಕು ಹೊರಟಿದ್ದರು.

ಶಕ್ತಿ ಯೋಜನೆ ಶುರುವಾದದ್ದು 2023ರ ಜೂನ್ 11ರಂದು. ಅಂದಿನಿಂದ ಕಾಕು ಒಂದು ಇಂಗ್ಲಿಷ್ ಮಾತನ್ನು ಯಾರ ಸಹಾಯವೂ ಇಲ್ಲದೆ ಕಲಿತಿದ್ದಾರೆ: 'ಝೀರೋ ಟಿಕೆಟ್'. "ನಂದು ಝೀರೋ, ನಿಮ್ಮದ ಕೊಡ್ರಿ ರೊಕ್ಕ" ಅಂತ ಗಂಡನಿಗೆ ಹೇಳಿ ಕಿಟಕಿಯ ಪಕ್ಕ ಕೂತರು.

ಆಗ ನನಗೆ ಬೈಪಾಸ್ ನೆನಪಾಯಿತು. 2021ರ ಜನವರಿ 15ರಂದು ದಾವಣಗೆರೆಯಿಂದ ಗೋವಾ ಪ್ರವಾಸಕ್ಕೆ ಹೊರಟ ಗೆಳತಿಯರ ಮಿನಿ ಬಸ್ಸು ಧಾರವಾಡದ ಹತ್ತಿರ ಇಟಿಗಟ್ಟಿ ಬಳಿ ಟಿಪ್ಪರಿಗೆ ಡಿಕ್ಕಿಯಾಯಿತು. ಹತ್ತಕ್ಕೂ ಹೆಚ್ಚು ಮಂದಿ ಹೋದರು. ಮರುವರ್ಷ ಮೇ ತಿಂಗಳಲ್ಲಿ ತಾರಿಹಾಳದ ಬೈಪಾಸಿನಲ್ಲೇ ಬಸ್ಸು-ಲಾರಿ ಅಪಘಾತದಲ್ಲಿ ಮತ್ತೆ ಹಲವರು. ರಜೆಗೆಂದು ಹೊರಟ ಎಲ್ಲರೂ ಮನೆಯಲ್ಲಿ ಒಂದೇ ಮಾತು ಹೇಳಿ ಹೊರಟಿರುತ್ತಾರೆ. ಇಂಗ್ಲಿಷಿನಲ್ಲಿ ಹೋಗುವವರಿಗೆ 'ಸೇಫ್ ಜರ್ನಿ' ಅನ್ನುತ್ತಾರೆ. ನಮ್ಮಲ್ಲಿ ಹೋಗುವವರೇ ಹೇಳುತ್ತಾರೆ, 'ಹೋಗಿ ಬರ್ತೀನಿ' ಅಂತ. ಬರೀ 'ಹೋಗ್ತೀನಿ' ಅಂದರೆ ಅವ್ವ ಗದರುತ್ತಾಳೆ. ಹೋಗುವ ಮಾತಿನಲ್ಲೇ ಬರುವ ಮಾತನ್ನೂ ಸೇರಿಸಿ ಹೇಳಿಸುತ್ತಾಳೆ.

ಕಂಡಕ್ಟರ್ ಬಾಗಿಲು ಎಳೆದ. ಕಾಕಾ ಕಿಟಕಿಯಿಂದ ಕೈ ಹೊರಗೆ ಹಾಕಿ, "ತಮ್ಮಾ, ಈಗ ಯಾರ ಮೆಸೇಜ್ ಬಂದ್ರೂ ನಾ ಏನ್ ಕೇಳ್ತೀನಿ ಗೊತ್ತೇನು? 'ವಿಚ್ ಡೇಟ್?' ಅಂತ ಕೇಳ್ತೀನಿ. ಎರಡ ಪದ. ಸಾಕು" ಅಂದರು.

ನಿಜ. ನೂರು ನುಡಿಗಟ್ಟು ಕಲಿತು ಒಂದನ್ನು ತಪ್ಪು ತಿಳಿಯುವುದಕ್ಕಿಂತ, ಯಾವ ತಾರೀಖು ಅಂತ ಒಮ್ಮೆ ಕೇಳುವುದು ಮೇಲು. ಆ ಗುರುವಾರ ನಾನೂ ಕಾಕಾನೂ ಕೇಳದೇ ಉಳಿದ ಪ್ರಶ್ನೆ ಅದೇ.

"ಹೋಗಿ ಬರ್ತೀವಿ" ಅಂದರು ಕಾಕು.

ಕಂಡಕ್ಟರ್ "ರೈಟ್ ರೈಟ್" ಅಂದ. ಬಸ್ಸು ಹೊರಟಿತು.

ಈ ಪತ್ರಿಕೆಯನ್ನು ನೀವೂ ಯಾವುದೋ ಬಸ್‌ಸ್ಟ್ಯಾಂಡಿನಲ್ಲಿ ಕೊಂಡಿರುತ್ತೀರಿ. ಕೈಯಲ್ಲಿ 'ಟಿಕೆಟ್ಟು', ಕಾಲ ಬಳಿ 'ಲಗೇಜು', ಕಣ್ಣು 'ಬೋರ್ಡಿ'ನ ಮೇಲೆ. ನಿಮಗೂ ಇಷ್ಟು ಇಂಗ್ಲಿಷು ಆಗಲೇ ಬರುತ್ತದೆ, ನೋಡಿ. ಉಳಿದದ್ದು ದಾರಿಯಲ್ಲಿ ಕಲಿಯಬಹುದು. ತಿಳಿಯದಿದ್ದರೆ ಪಕ್ಕದ ಸೀಟಿನವರನ್ನು ಕೇಳಿ. ಕಾಕಾ ಕಾಕು ಮರುದಿನ ರಾತ್ರಿ ಊರಿಗೆ ವಾಪಸಾದರು. ಸಮುದ್ರ ಹೇಗಿತ್ತು ಅಂತ ಕೇಳಿದ್ದಕ್ಕೆ ಕಾಕು, "ಉಪ್ಪು ಜಾಸ್ತಿ ಆಗೇದ" ಅಂದರು.